ಮೂಲೆಮಂಚದ ತಾತ

ತನ್ನದೇ ಕೋಣೆಯ ಬಾಗಿಲನ್ನು ಎರಡು ಸಲ ತಟ್ಟಿ, ತಲೆಯನ್ನು ಎಡಕ್ಕೆ ವಾಲಿಸಿ, ಒಳಗಿನಿಂದ ಅಪ್ಪಣೆಯಾಗಲಿ ಎಂಬಂತೆ ತುಸು ಕಾದು, ಆಮೇಲಷ್ಟೇ ಚಿಲಕಕ್ಕೆ ಕೈ ಹಾಕುವವನನ್ನು ಎಲ್ಲಾದರೂ ಕಂಡಿದ್ದೀರಾ? ಬೀಗ ಹೊರಗಿನಿಂದ ಹಾಕಿದ್ದು, ಕೀಲಿ ಅವನ ಜೇಬಿನಲ್ಲೇ ಇದ್ದರೂ ಅವನು ತಟ್ಟುತ್ತಿದ್ದ. ಮೊಣಕಾಲು ಮುಟ್ಟುವ ಬೂದುಬಣ್ಣದ ಹಳೆಯ ಕೋಟು, ಎಡಕ್ಕೆ ಇಳಿದ ಭುಜ, ಕಳೆದುಹೋದದ್ದೇನನ್ನೋ ನೆಲದ ಮೇಲೆ ಹುಡುಕುತ್ತ ಸಾಗುವಂಥ ನಡಿಗೆ, ಪ್ರತಿ ಮಾತಿಗೂ ಮುನ್ನ ಗಂಟಲು ಸರಿಪಡಿಸಿಕೊಳ್ಳುವ ಅಭ್ಯಾಸ, ಏನು ಕೇಳಿದರೂ "ಆಗಲಿ, ನೋಡೋಣ" ಎಂಬ ಒಂದೇ ಉತ್ತರ. ಹಾಸ್ಟೆಲಿನವರೆಲ್ಲ ಅವನನ್ನು ತಾತ ಎನ್ನುತ್ತಿದ್ದರು. ತಾತನಿಗೆ ಆಗ ಹದಿನೆಂಟು ವರ್ಷ.

ಅವನ ಅಕ್ಕನಿಗೆ ಗೊತ್ತಿದ್ದ ತಮ್ಮ ಇವನಲ್ಲ. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು, ಊರವರ ಬಟ್ಟೆ ಹೊಲಿಯುತ್ತಲೇ ಅವನ ಅಂಗಿಯನ್ನೂ ವರ್ಷವರ್ಷ ಒಂದು ಬೆರಳು ಸಡಿಲವಾಗಿಯೇ ಹೊಲಿಯುತ್ತ ಬಂದವಳು. ಆ ಹುಡುಗನಿಗೆ ಬಾಯಲ್ಲಿ ತುತ್ತಿದ್ದರೂ ಮಾತು ನಿಲ್ಲುತ್ತಿರಲಿಲ್ಲ, ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುವುದು ಗೊತ್ತಿರಲಿಲ್ಲ, ಬಾಗಿಲನ್ನು ಕಾಲಿನಿಂದ ಒದ್ದು ತೆರೆಯದಿದ್ದರೆ ಮನೆಗೆ ಬಂದ ಹಾಗೆಯೇ ಆಗುತ್ತಿರಲಿಲ್ಲ. ಅಳತೆ ತೆಗೆಯಲು ನಿಲ್ಲಿಸಿಕೊಂಡರಂತೂ ಕುಣಿದಾಟ.

"ಕಂಬದ ಹಾಗೆ ನಿಂತ್ಕೊಳೋ ಸ್ವಲ್ಪ," ಎಂದು ಅಕ್ಕ ರೇಗಿದರೆ, "ಕಂಬಕ್ಕೆ ಅಂಗಿ ಯಾಕಕ್ಕಾ?" ಎನ್ನುತ್ತಿದ್ದ. ಕಾಲೇಜಿಗೆ ಹೊರಟ ದಿನ ಬಸ್ಸು ತಿರುವು ದಾಟುವ ತನಕವೂ ಅವನ ಮಾತು ಕಿಟಕಿಯಿಂದ ಕೇಳಿಸುತ್ತಲೇ ಇತ್ತು.

ಹೊಸಬರಿಗೆ ಹಾಸ್ಟೆಲೆಂದರೆ ಸ್ನಾನದ ಮನೆಯ ಮುಂದಿನ ಬಕೆಟ್ಟುಗಳ ಸಾಲು, ಒಣಗದ ಟವೆಲುಗಳ ಮುಗ್ಗಲು ವಾಸನೆ, ಹಿಂದಿನವನ ಮೈಯ ಗುಳಿ ಉಳಿದಿರುವ ತೆಳು ಹಾಸಿಗೆ, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅದರ ಸದ್ದಿನ ಮರೆಯಲ್ಲಿ ಅಳುವ ಯಾರೋ ಒಬ್ಬ. ಕೆಲವು ವಾರ ಕಳೆದರೆ ಆ ಅಳು ನಿಲ್ಲುತ್ತದೆ. ಅದು ಎಲ್ಲಿ ಹೋಯಿತೆಂದು ಯಾರೂ ವಿಚಾರಿಸುವುದಿಲ್ಲ. ಈ ಹಾಸ್ಟೆಲಿನಲ್ಲಿ ಇನ್ನೂ ಒಂದು ಪದ್ಧತಿಯಿತ್ತು. ಅಡ್ಡಹೆಸರು ಇಲ್ಲಿ ಹುಡುಗನಿಗಲ್ಲ, ಮಂಚಕ್ಕೆ. ಅದರ ಮೇಲೆ ಮಲಗಿದವನು ಅದನ್ನು ಹೊರಬೇಕು. ಕಿಟಕಿಯ ಪಕ್ಕದ ಮಂಚದವನು 'ದೊರೆ', ಗೋಡೆ ಗಡಿಯಾರದ ಕೆಳಗಿನವನು 'ಗಡಿಯಾರ', ಬೆಳಕು ಸರಿಯಾಗಿ ತಲುಪದ ಮೂಲೆಯವನು 'ತಾತ'. ಹುಡುಗನಿಗೆ ಸಿಕ್ಕಿದ್ದು ಆ ಮೂಲೆ; ಅಲ್ಲಿನ ಗೂಟಕ್ಕೆ ಬೂದುಬಣ್ಣದ ಕೋಟೊಂದು ನೇತುಬಿದ್ದಿತ್ತು.

ಚಳಿ ಶುರುವಾದ ಒಂದು ಬೆಳಗ್ಗೆ, ಸ್ವೆಟರನ್ನು ಮನೆಯಲ್ಲೇ ಮರೆತು ಬಂದಿದ್ದ ಹುಡುಗ ಅದನ್ನು ಹಾಕಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರನ್ನು ಇನ್ನಷ್ಟು ನಗಿಸೋಣವೆಂದು ಅವನು ಭುಜ ಇಳಿಬಿಟ್ಟು, ಗಂಟಲು ಸರಿಪಡಿಸಿಕೊಂಡು, ನೆಲ ನೋಡುತ್ತ ಕೋಣೆಯ ಉದ್ದಕ್ಕೂ ನಡೆದು ತೋರಿಸಿದ. ಹಿರಿಯ ವಿದ್ಯಾರ್ಥಿಯೊಬ್ಬನ ನಗು ಮಾತ್ರ ಅರ್ಧಕ್ಕೇ ನಿಂತಿತು.

"ಯಾರೋ ನಿಂಗೆ ಹೇಳ್ಕೊಟ್ಟಿದ್ದು? ಹೋದ ವರ್ಷದ ತಾತನೂ ಹೀಗೇ ನಡೀತಿದ್ದ."

ಯಾರೂ ಹೇಳಿಕೊಟ್ಟಿರಲಿಲ್ಲ. ಹೊಸ ಜಾಗದಲ್ಲಿ ಮೊದಲ ಬಾರಿಗೆ ನಾಲ್ಕು ಜನ ತನ್ನತ್ತ ನೋಡಿದ ಸಂತೋಷದಲ್ಲಿ ಹುಡುಗ ಆ ಮಾತನ್ನು ಹೊಗಳಿಕೆಯೆಂದೇ ತಿಳಿದ. ಮರುದಿನವೂ ನಡೆದು ತೋರಿಸಿದ. ತೋರಿಸುವುದು ಯಾವಾಗ ನಿಂತು ನಡೆಯುವುದಷ್ಟೇ ಉಳಿಯಿತೋ, ಅದನ್ನು ಗಮನಿಸಿದವರಿಲ್ಲ.

ಇತ್ತ ಫೋನಿನಲ್ಲಿ ಮಾತು ಕುಗ್ಗುತ್ತ ಬಂತು. "ಊಟ ಆಯ್ತೇನೋ?" ಎಂದರೆ ಆ ಕಡೆಯಿಂದ ಮೊದಲು ಗಂಟಲಿನ ಸದ್ದು, ಆಮೇಲೆ "ಆಯ್ತು." ರಜೆಗೆ ಬರುತ್ತೀಯಾ ಎಂದರೆ, "ಆಗಲಿ, ನೋಡೋಣ." ಹುಡುಗನಿಗೆ ಜವಾಬ್ದಾರಿ ಬಂತೆಂದು ನೆರೆಹೊರೆಯವರು ಮೆಚ್ಚಿಕೊಂಡರು. ಅಕ್ಕನಿಗೆ ಮಾತ್ರ ಕಸಿವಿಸಿ. ಹಳೆಯ ಅಳತೆಗೆ ಹೊಸ ಅಂಗಿಯೊಂದನ್ನು ಹೊಲಿದುಕೊಂಡು, ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿದಳು.

ಅವಳು ತಲುಪಿದಾಗ ಮಧ್ಯಾಹ್ನ. ಎಲ್ಲರೂ ತರಗತಿಗೆ ಹೋಗಿದ್ದರು. ನೆಗಡಿಯಾಗಿ ಕೋಣೆಯಲ್ಲೇ ಉಳಿದಿದ್ದ ದೊರೆ ಅವಳಿಗೆ ಕುರ್ಚಿ ಎಳೆದುಕೊಟ್ಟ. ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಎರಡು ತಟ್ಟು ಬಿದ್ದವು. ಬಾಗಿಲು ನಿಧಾನವಾಗಿ ತೆರೆದುಕೊಂಡಿತು. ಯಾರೋ ವಯಸ್ಸಾದವರು ಬಂದರೆಂದು ಅಕ್ಕ ಮರ್ಯಾದೆಗೆ ಎದ್ದು ನಿಂತಳು.

"ಯಾವಾಗ ಬಂದೆ ಅಕ್ಕಾ?" ಎಂದರು ಆ ವಯಸ್ಸಾದವರು.

ತಮ್ಮನೇ ಎಂದು ಅವಳಿಗೆ ಆಗಷ್ಟೇ ಗೊತ್ತಾಯಿತು. ಗಾಬರಿ ತೋರಿಸಿಕೊಳ್ಳದೆ, "ಬಿಚ್ಚೋ ಆ ಕೋಟು, ಒಳ್ಳೆ ವೇಷ!" ಎಂದು ಗದರಿ ಹೊಸ ಅಂಗಿ ತೊಡಿಸಿದಳು. ಎಡಭುಜದ ಹೊಲಿಗೆ ತೋಳಿನತ್ತ ಜಾರಿತು. ಎಳೆದು ಕೂರಿಸಿದಳು, ಮತ್ತೆ ಜಾರಿತು. ಚೀಲದಿಂದ ಟೇಪು ತೆಗೆದು ಅಳೆದಳು. ಅವಳು ಅವನಿಗೆ ಅಂಗಿ ಹೊಲಿಯಲು ಶುರುಮಾಡಿದಾಗಿನಿಂದ ಸಮನಾಗಿದ್ದ ಎರಡು ಭುಜಗಳಲ್ಲಿ ಒಂದು ಕೆಳಗಿಳಿದಿತ್ತು.

"ನೆಟ್ಟಗೆ ನಿಂತ್ಕೊಳೋ."

"ನೆಟ್ಟಗೇ ನಿಂತಿದೀನಲ್ಲ ಅಕ್ಕಾ."

ಹೌದು, ಕಂಬದ ಹಾಗೆ ನಿಂತಿದ್ದ. ಅಳತೆಗೆಂದು ಒಮ್ಮೆಯೂ ನಿಲ್ಲದವನು ಈಗ ಅಲ್ಲಾಡದೆ ನಿಂತದ್ದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಕೋಟನ್ನು ಎತ್ತಿಕೊಂಡು ಒಳಮಗ್ಗಲು ಹೊರಗೆ ಮಾಡಿ ನೋಡಿದಳು. ಯಾರೋ ಇವನಿಗಾಗಿ ಬಿಚ್ಚಿ ಹೊಲಿದಿರಬಹುದೆಂದು ಅವಳ ಊಹೆ. ಆದರೆ ದಾರವೆಲ್ಲ ಒಂದೇ, ಮೊದಲ ಹೊಲಿಗೆ; ಬಿಚ್ಚಿದ ಗುರುತು ಎಲ್ಲಿಯೂ ಇಲ್ಲ. ಎಡಭುಜ ಇಳಿದಿದ್ದ ಯಾವನೋ ಒಬ್ಬನಿಗಾಗಿ ಆರಂಭದಲ್ಲೇ ಕತ್ತರಿಸಿದ ಕೋಟು ಅದು. ಕೋಟು ಹುಡುಗನ ಅಳತೆಗೆ ಬಂದಿರಲಿಲ್ಲ, ಹುಡುಗನೇ ಅದರ ಅಳತೆಗೆ ಬಂದಿದ್ದ. ಅವಳು ಅದನ್ನು ಮಂಚದ ಮೇಲೆ ಹಾಕಿ ಕೈ ಒರೆಸಿಕೊಂಡಳು.

"ಇವನ ಹೆಸರು ಹಿಡಿದು ಕರೀರಪ್ಪಾ ನೀವಾದ್ರೂ," ಎಂದಳು ದೊರೆಗೆ.

"ಕರೆದ್ವಿ ಅಕ್ಕಾ. ತಿರುಗಿ ನೋಡಲ್ಲ."

ಅಕ್ಕ ನೇರವಾಗಿ ವಾರ್ಡನ್ನರ ಬಳಿ ಹೋದಳು. ತಿದ್ದಿ ತೀಡಿದ ಸೂಟು, ಚುರುಕು ನಡೆ, ನಗುಮುಖ. ವರಾಂಡದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

"ನಾನೂ ಮೂಲೆಮಂಚದವನೇ ಅಮ್ಮಾ! ಆ ಕೋಟು ನಾನು ಬಂದಾಗಲೂ ಅಲ್ಲೇ ಇತ್ತು. ನನಗಿಂತ ಮುಂಚಿನವನು ಬಂದಾಗಲೂ ಇತ್ತಂತೆ."

"ಹಾಗಾದ್ರೆ ಮೊದಲನೇ ತಾತ ಯಾರು ಸಾರ್?"

ಅವರು ಸೂಟಿನ ಗುಂಡಿ ಹಾಕಿಕೊಂಡರು. "ಕಾಲೇಜು ಮುಗಿಸಿ ಹೋದ್ಮೇಲೆ ಎಲ್ಲಾ ಬಿಟ್ಟುಹೋಗತ್ತೆ. ನನ್ನೇ ನೋಡಿ, ನೆಟ್ಟಗಿಲ್ವಾ?"

ಅಕ್ಕ ನೋಡಿದಳು. ಬೇರೆ ಯಾರಾದರೂ ಒಪ್ಪಿಕೊಳ್ಳುತ್ತಿದ್ದರು. ಆದರೆ ಸೂಟಿನ ಎಡಭುಜದೊಳಗಿನ ಹತ್ತಿಯ ಮೆತ್ತೆ ಬಲದ್ದಕ್ಕಿಂತ ದಪ್ಪವಾಗಿತ್ತು. ಮೇಲಿಂದ ಮೇಲೆ ಹೆಚ್ಚಿಸುತ್ತ ಬಂದ ಮೆತ್ತೆ.

"ಬೇರೆ ಮಂಚ ಕೊಡಿಸಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

ವಾರ್ಡನ್ ಗಂಟಲು ಸರಿಪಡಿಸಿಕೊಂಡರು. "ಆಗಲಿ, ನೋಡೋಣ."

ಅವಳು ವರಾಂಡದ ಕೊನೆ ತಲುಪುವಷ್ಟರಲ್ಲಿ ಹಿಂದಿನಿಂದ ಎರಡು ತಟ್ಟು ಕೇಳಿಸಿದವು. ತಮ್ಮದೇ ಖಾಲಿ ಆಫೀಸಿನ ಮುಂದೆ, ತಲೆ ಎಡಕ್ಕೆ ವಾಲಿಸಿ, ಅವರು ಕಾಯುತ್ತ ನಿಂತಿದ್ದರು.

ಕಾಲೇಜು ಬಿಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ಕೋಟು ಮುಟ್ಟಬೇಡವೆಂದು ಆಣೆ ಮಾಡಿಸಿಕೊಂಡಳು. ಅವನು ಮಾತು ಉಳಿಸಿಕೊಂಡ. ರಜೆಗೆ ಬರುವ ದಿನ ಅವಳು ಯಂತ್ರ ನಿಲ್ಲಿಸಿ, ಬಾಗಿಲು ಧಡಾರನೆ ಒದೆಸಿಕೊಳ್ಳುವ ಸದ್ದಿಗಾಗಿ ಕಿವಿಗೊಟ್ಟು ಕೂತಳು. ಬಾಗಿಲ ಮೇಲೆ ಎರಡು ತಟ್ಟು ಬಿದ್ದವು. ಉತ್ತರ ಕೊಡದಿದ್ದರೆ ಬೇಸತ್ತು ಒದ್ದಾನು ಎಂಬ ಆಸೆಯಿಂದ ಅವಳು ಉಸಿರು ಬಿಗಿಹಿಡಿದು ಸುಮ್ಮನಿದ್ದಳು. ಹೊರಗಿದ್ದವನೂ ಸುಮ್ಮನಿದ್ದ. ಎಷ್ಟು ಹೊತ್ತು ಬೇಕಾದರೂ ನಿಂತಿರುತ್ತಿದ್ದನೇನೋ. ಕೊನೆಗೆ ಅವಳೇ ಸೋತಳು.

"ಬಾರೋ, ನಿನ್ನ ಮನೆ ಕಣೋ ಇದು."

ಬಂದ. ಮೈಮೇಲೆ ಕೋಟಿರಲಿಲ್ಲ, ಭುಜ ಇಳಿದೇ ಇತ್ತು. ಎಡಭುಜಕ್ಕೆಂದು ಹತ್ತಿಯ ಮೆತ್ತೆಯೊಂದನ್ನು ಅವಳು ಮೊದಲೇ ಕತ್ತರಿಸಿಟ್ಟಿದ್ದಳು. ಅದನ್ನು ಕೈಗೆತ್ತಿಕೊಂಡಾಗ ವಾರ್ಡನ್ನರ ಸೂಟು ಕಣ್ಣಮುಂದೆ ಬಂತು. ಜೀವಮಾನವಿಡೀ ನೆಟ್ಟಗಿರುವ ನಟನೆಯಲ್ಲಿ ಇವನೂ ಸವೆಯುವುದು ಬೇಡವೆನಿಸಿ ಮೆತ್ತೆಯನ್ನು ಚೂರುಬಟ್ಟೆಯ ಬುಟ್ಟಿಗೆ ಎಸೆದು, ಟೇಪು ಹಿಡಿದು, ಎದುರಿಗೆ ನಿಂತವನ ಅಳತೆಯನ್ನು ಹೊಸದಾಗಿ ತೆಗೆದುಕೊಂಡಳು.

"ಕಂಬಕ್ಕೆ ಅಂಗಿ ಯಾಕೋ?" ಎಂದಳು.

ಬೇರೆಯವರ ಮನೆಯಲ್ಲಿ ಯಾರೋ ಹಾಸ್ಯ ಹೇಳಿದಾಗ ನಗುತ್ತೇವಲ್ಲ, ಹಾಗೆ ಅವನು ಮೆಲ್ಲಗೆ ನಕ್ಕ. ಅವಳಿಗೆ ಅಳು ಬಂತು, ಅಳುತ್ತಲೇ ಬಟ್ಟೆ ಕತ್ತರಿಸಿದಳು. ಆ ಅಂಗಿ ಅವನಿಗೆ ಹೇಳಿ ಮಾಡಿಸಿದಂತೆ ಕೂತಿತು.

ಇಂಥವರು ಕೆಟ್ಟವರಲ್ಲ, ದುರ್ಬಲರೂ ಅಲ್ಲ. ಹೊಸ ಜಾಗದಲ್ಲಿ ಒಂಟಿಯಾಗುವ ಭಯಕ್ಕೆ, ಯಾರೋ ಬಿಟ್ಟುಹೋದ ಪಾತ್ರವನ್ನು ಎಲ್ಲರೂ ನಗಲೆಂದು ಹೊದ್ದುಕೊಳ್ಳುತ್ತಾರೆ. ನಗು ಮುಗಿದ ಮೇಲೆ ಕಳಚಲು ಹೋದರೆ ಒಳಗಿದ್ದವನು ಸಿಗುವುದಿಲ್ಲ. ಆಮೇಲೆ ಯಾವ ಬಾಗಿಲೂ ಅವರಿಗೆ ತಮ್ಮದೆನಿಸದೆ, ಎಲ್ಲವನ್ನೂ ತಟ್ಟಿ ನಿಲ್ಲುತ್ತಾರೆ. ಅವರನ್ನು ಕಾಯಿಸಬಾರದು. ಬಂದವರು ಯಾರೆಂದು ನೋಡುವ ಮೊದಲೇ ಒಳಗಿನವರು 'ಬಾ' ಎಂದುಬಿಡಬೇಕು.