ಸಿರುಗುಪ್ಪದ ಗಂಡಸರು

ಚಿದಾನಂದಪ್ಪನವರಿಗೆ ಇಂಗ್ಲಿಷ್ ಬರಹ ಕಂಡರೆ ಆಗುತ್ತಿರಲಿಲ್ಲ. ಹಾಗಾಗಿ ಅವರ ಮಾಲಿಗೆ ಫೋನಿನಲ್ಲಿ ಜಾಹೀರಾತು ಬಿಡುವ ಕೆಲಸದ ಅಂಜನಾ ಅದರ ವರದಿಯನ್ನು ಕನ್ನಡಕ್ಕಿಳಿಸಿ, ಬಣ್ಣಬಣ್ಣದ ಪಟ್ಟಿ ಎಳೆದು, ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿದಳು.

ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ ಅವರ ಜೀನ್ಸ್ ಕಾರ್ಖಾನೆಯ ಕೆಳಗೆ ಗಂಡಾಳುಗಳು ಪ್ಯಾಂಟು ಹೊಲಿಯುತ್ತಿದ್ದರು. ಮಾಳಿಗೆಯ ಮೇಲೆ ದಾಕ್ಷಾಯಣಮ್ಮ ಮತ್ತು ಇನ್ನೈದು ಹೆಂಗಸರು ಹೊಲದ ಅಂಗಿ ಹೊಲಿಯುತ್ತಿದ್ದರು. ಮೆಣಸಿನಕಾಯಿ ಬಿಡಿಸುವ, ಸಸಿ ಹಚ್ಚುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಡುತ್ತಾರಲ್ಲ, ಅವರಿಗೆಂದೇ ಮಾಡಿದ್ದು. ತೆಳು ಜೀನ್ಸ್ ಬಟ್ಟೆ, ಉದ್ದ ತೋಳು, ಕಿರಿದಾದ ಭುಜ, ಒಳಗೆ ಫೋನಿಗೊಂದು ಜೇಬು. ಇದು ಮಾರಾಟವಾದರೆ ಮಾಳಿಗೆ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತೇನೆ ಎಂದು ಚಿದಾನಂದಪ್ಪ ಮೊದಲೇ ಹೇಳಿಬಿಟ್ಟಿದ್ದರು.

ಜಾಹೀರಾತಿಗಾಗಿ ಅಂಗಿ ತೊಟ್ಟು ನಿಲ್ಲಲು ಯಾರೂ ಒಪ್ಪಿರಲಿಲ್ಲ. “ನನ್ನ ಮುಖ ಊರಾನ ಮಂದಿ ಫೋನಿನ್ಯಾಗ ಓಡ್ಯಾಡಬೇಕೇನವ್ವ?” ಎಂದು ದಾಕ್ಷಾಯಣಮ್ಮ ನಕ್ಕಿದ್ದರು. ಕೊನೆಗೆ ಅಂಜನಾ ಕುರುಗೋಡಿನ ಮೆಣಸಿನ ಹೊಲವೊಂದರ ಬೇಲಿಗೆ ಅಂಗಿ ತೂಗುಹಾಕಿ ಫೋಟೊ ತೆಗೆದು, ಕೆಳಗೆ ‘ಹೊಲದ ಕೆಲಸಕ್ಕೆ ಗಟ್ಟಿ ಅಂಗಿ’ ಎಂದಷ್ಟೇ ಬರೆದು ಬಿಟ್ಟಿದ್ದಳು. ಮೊದಲ ತಿಂಗಳೇ ಆರ್ಡರುಗಳು ಬಂದವು.

“ಎಲ್ಲಿಂದ ಬಂದಾವ?” ಎಂದು ಚಿದಾನಂದಪ್ಪ ಕೇಳಿದರು.

“ಬಳ್ಳಾರ್ಯಾಗ ಯಾರೂ ತಗೊಂಡಿಲ್ರಿ. ಕುರುಗೋಡು ಪರವಾಗಿಲ್ಲ. ಜಾಸ್ತಿ ಸಿರುಗುಪ್ಪ ಕಡಿ. ತೆಕ್ಕಲಕೋಟಿ, ಸಿರಿಗೇರಿ.”

“ಎಲ್ಲಾ ಹೆಣ್ಮಕ್ಕಳಾ?”

ಅಂಜನಾ ಮುಂದಿನ ಪಟ್ಟಿ ತೆರೆದಳು. ಹತ್ತರಲ್ಲಿ ಎಂಟು ಆರ್ಡರು ಗಂಡಸರ ಖಾತೆಯಿಂದ ಬಂದಿದ್ದವು. ಪಾರ್ಸೆಲ್ಲಿನ ಹೆಸರುಗಳೂ ಅವರವೇ. ಹುಲಿಗೇಶ್, ಜಡೆಪ್ಪ, ಸುಂಕಣ್ಣ.

ಚಿದಾನಂದಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. “ಹೆಂಗಸ್ರ ಅಂಗಿ ಗಂಡಸ್ರು ತಗೊಂಡಾರ?”

“ಹೆಂಗಸ್ರದು ಅಂತ ನಾವೆಲ್ಲೂ ಬರ್ದಿಲ್ಲಲ್ರಿ.”

“ಮತ್ತ ಎಲ್ಲಾರೂ ಸಣ್ಣ ಸೈಜ್ ಯಾಕ ತಗೊಂಡಾರ?”

ಈ ಪ್ರಶ್ನೆ ಅವಳಲ್ಲೂ ಎದ್ದಿತ್ತು. ಉತ್ತರವನ್ನೂ ಅವಳೇ ಹುಡುಕಿಕೊಂಡಿದ್ದಳು. “ಈಗಿನ ಹುಡುಗ್ರು ಮೈಗೆ ಅಂಟ್ಕೊಂಡಂಗ ಹಾಕ್ತಾರ್ರಿ.”

“ಅದೂ ಖರೆ. ನಮ್ಮ ಸಂಗಮೇಶನ ಪ್ಯಾಂಟ್ ಬಿಚ್ಚಾಕ ಇಬ್ರು ಬೇಕು,” ಎಂದು ಮಗನನ್ನು ನೆನೆದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು, “ತಗೊಳ್ಳೋರಿಗೆ ಹೊಲೀಬೇಕವ್ವ. ಭುಜ ಅಗಲ ಮಾಡಸ್ತೀನಿ. ಇರೋ ಬಟ್ಟಿ ಥಾನು ಎಲ್ಲಾ ಗಂಡಸ್ರ ಅಳತಿಗೆ ಕಟಿಂಗ್ ಆಗಲಿ.”

ವರದಿಯ ಕೊನೆಯ ಸಾಲನ್ನು ಅಂಜನಾ ಅಲ್ಲೇ ಬರೆದಳು: ‘ನಮ್ಮ ಗ್ರಾಹಕರು ಸಿರುಗುಪ್ಪದ ಗಂಡಸರು.’

ಹೊಸ ಜಾಹೀರಾತಿನಲ್ಲಿ ಒಬ್ಬ ತರುಣ ಟ್ರ್ಯಾಕ್ಟರಿಗೆ ಒರಗಿ ಕೈಕಟ್ಟಿ ನಿಂತಿದ್ದ. ಅದು ಗಂಡಸರಿಗೆ ಮಾತ್ರ ಕಾಣುವಂತೆ ಅವಳು ಹೊಂದಿಸಿದಳು. ಜನ ನೋಡಿದರು, ‘ಲೈಕ್’ ಒತ್ತಿದರು, ಕೊಳ್ಳಲಿಲ್ಲ. ವಾರ ಕಳೆಯಿತು, ತಿಂಗಳು ತುಂಬುತ್ತ ಬಂತು. ಅಂಜನಾ ಅಂಕಿಗಳನ್ನು ವಯಸ್ಸಿಗೆ ತಕ್ಕಂತೆ ಒಡೆದಳು, ಊರಿಗೆ ತಕ್ಕಂತೆ ಒಡೆದಳು, ನೋಡಿದ ಹೊತ್ತಿಗೆ ತಕ್ಕಂತೆ ಒಡೆದಳು. ಒಡೆದಷ್ಟೂ ಚೂರುಗಳು ಸಣ್ಣವಾದವು, ಯಾವ ಚೂರಿನಲ್ಲೂ ಏನೂ ಇರಲಿಲ್ಲ. ಮಾಳಿಗೆಯಲ್ಲಿ ಹೊಲಿದಿಟ್ಟ ಅಂಗಿಗಳ ರಾಶಿ ಕಿಟಕಿಯ ಬೆಳಕು ಮುಚ್ಚುವಷ್ಟು ಎತ್ತರವಾಯಿತು.

ಬೇರೇನೂ ತೋಚದೆ ಮೊದಲ ಸಲ ಕೊಂಡವರಿಗೆ ಫೋನ್ ಮಾಡಿದಳು.

“ಸಿರಿಗೇರಿ ಹುಲಿಗೇಶ್ ಅವರೇನ್ರಿ?”

“ಅವರ ಮನ್ಯಾಗಿನಾಕಿ ಮಾತಾಡಾಕತ್ತೀನಿ. ಏನಾಗಬೇಕಿತ್ರಿ?”

“ಅವರು ನಮ್ಮಲ್ಲಿಂದ ಒಂದು ಅಂಗಿ ತರಿಸಿದ್ರಲ್ರಿ. ಹೆಂಗೈತಿ ಅಂತ ಕೇಳಾಕ ಮಾಡಿದ್ದೆ.”

ಆ ಕಡೆಯವಳು ನಕ್ಕಳು. “ಅವರೆಲ್ಲಿ ತರಿಸ್ತಾರ್ರಿ. ತರಿಸಿದಾಕಿನೂ ನಾನ, ಹಾಕ್ಕೊಂಡಾಕಿನೂ ನಾನ. ಅವರು ಹೊಸಾ ಫೋನ್ ತಗೊಂಡ್ರು, ಹಳೇದು ನನಗ ಬಂತು. ಹೆಸರು, ಫೋಟೊ ಎಲ್ಲಾ ಅವರದ ಐತಿ, ಬದಲಾಯಿಸಾಕ ನನಗ ಬರಂಗಿಲ್ಲ. ನಮ್ಮೂರಾಗ ಹೆಣ್ಮಕ್ಕಳದು ಭಾಳ ಮಂದೀದು ಹಂಗ.”

“ಮತ್ತ ಆಮ್ಯಾಲೆ ಯಾಕ ತರಿಸಿಲ್ರಿ?”

“ಈಗ ಬರೀ ಟ್ರ್ಯಾಕ್ಟರ್ ಹುಡುಗಂದು ಬರ್ತತಿ. ಅದೇನ್ ಮಾಡೋಣ್ರಿ ನಾವು. ನಮ್ಮ ಗುಂಪಿನ್ಯಾಗ ಹದಿನೈದು ಮಂದಿ ಅದೀವಿ, ಎಲ್ಲಾರಿಗೂ ಬೇಕು. ನನ್ನ ಹೆಸರು ಜಡೆಮ್ಮ, ಬರ್ಕೊಳ್ರಿ. ಮೊದಲಿನಂಥಾವ ಕಳಿಸ್ರಿ, ಮಣಿಕಟ್ಟಿಗೆ ಸರಿಯಾಗಿ ಕುಂದರೋವು.”

ಜಡೆಪ್ಪನ ಫೋನನ್ನು ಅವನ ತಂಗಿ ಎತ್ತಿದಳು. ಸುಂಕಣ್ಣನದನ್ನು ಅವನ ತಾಯಿ.

ಅಂಜನಾ ಇದನ್ನೆಲ್ಲ ಚಿದಾನಂದಪ್ಪನವರಿಗೆ ಹೇಳಿದಳು.

“ನೀನ ಬರ್ದಿದ್ದಿಯಲ್ಲವ್ವ, ಗಂಡಸ್ರು ಅಂತ.”

“ಹೌದ್ರಿ. ಈಗ ಹದಿನೈದು ಬೇಕಂತ ಕೇಳ್ಯಾರ. ಒಂದ ಥಾನು ಸಿಕ್ರ...”

“ಥಾನು ಎಲ್ಲೈತಿ? ಎಲ್ಲಾ ಕಟಿಂಗ್ ಆಗಿ, ಹೊಲಿದು, ವಾಷಿಂಗ್ ಆಗೇತಿ.”

“ಭುಜ ಬಿಚ್ಚಿ ಸಣ್ಣ ಮಾಡಾಕ ಬರಂಗಿಲ್ಲೇನ್ರಿ?”

“ವಾಷಿಂಗ್ ಆದಮ್ಯಾಲೆ ಬಿಚ್ಚಿದಲ್ಲಿ ಗೆರಿ ಎದ್ದು ಕಾಣ್ತತಿ. ಯಾರ್ ತಗೋತಾರ?” ಅವರು ಕಿಟಕಿಯ ಕಡೆ ನೋಡಿದರು. “ಮಾಳಿಗಿ ಮಷಿನ್ನೆಲ್ಲಾ ಗುಂತಕಲ್ಲಿನವರಿಗೆ ಮಾರಿದ್ದಾತು. ಶನಿವಾರ ಒಯ್ತಾರ. ನಿನ್ನ ಬೈಯಂಗಿಲ್ಲ ನಾನು. ಆ ಪಟ್ಟಿ ನಾನೂ ನೋಡೀನಲ್ಲ. ಚೆಂದಿತ್ತು.”

ಶನಿವಾರ ಕಾರ್ಖಾನೆಯ ಮುಂದೆ ಟೆಂಪೋ ನಿಂತಿತು. ಹಮಾಲರು ಮಷಿನ್ನುಗಳನ್ನು ಕಿರಿದಾದ ಮೆಟ್ಟಿಲಲ್ಲಿ ಒಂದೊಂದಾಗಿ ಇಳಿಸುತ್ತಿದ್ದರು. ದಾಕ್ಷಾಯಣಮ್ಮ ತಮ್ಮ ಕತ್ತರಿಯನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

“ಮುಂದೇನ್ ಮಾಡ್ತೀರಮ್ಮ?” ಎಂದಳು ಅಂಜನಾ.

“ಗೊತ್ತಿಲ್ಲವ್ವ. ಕೆಳಗ ಹೆಂಗಸ್ರನ್ನ ಕುಂದರಸಂಗಿಲ್ಲಂತ.” ಅವರು ರಾಶಿಯ ಅಡಿಯಿಂದ ಹಳೆಯ ಅಳತೆಯ ಅಂಗಿಯೊಂದನ್ನು ಎಳೆದು ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿದರು. “ಬರೀ ಗಂಡಸ್ರು ತಗೊಂಡ್ರಂತ, ಒಬ್ಬ ಹೆಣ್ಮಗಳಿಗೂ ಹಿಡಿಸಲಿಲ್ಲ ನೋಡು. ನನ್ನ ಅಳತಿ ಎಲ್ಲಿ ತಪ್ಪಿತೋ ಏನೋ. ಮೂರು ಸಲ ಬಿಚ್ಚಿ ಹೊಲಿದಿದ್ದೆ.”

ಅಂಜನಾ ಬಾಯಿ ತೆರೆದಳು. ಆಗಲೇ ಅವಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಜಡೆಮ್ಮನ ಕರೆ, ಪರದೆಯ ಮೇಲೆ ಮಾತ್ರ ‘ಹುಲಿಗೇಶ್, ಸಿರಿಗೇರಿ.’

“ಗಿರಾಕಿ ಏನವ್ವ?” ಎಂದರು ದಾಕ್ಷಾಯಣಮ್ಮ.

“ಅಲ್ರಿ.”

ಫೋನು ನಿಂತಿತು. ಹಮಾಲರಿಗೆ ದಾರಿ ಬಿಡಲು ಇಬ್ಬರೂ ಗೋಡೆಗೆ ಸರಿದು ನಿಂತರು. ಅದು ಮತ್ತೆ ಹೊಡೆದುಕೊಳ್ಳತೊಡಗಿತು.