ಖಾಲಿ ಬಿಲ್ಲಿನ ಸಹಿ

ರಾಯಚೂರಿನ ನಮ್ಮ ವಾರ್ಡಿನಲ್ಲಿ ಮೋರಿ ತುಂಬಿದರೆ ನೀರು ಮೊದಲು ನುಗ್ಗುವುದು ಅಲ್ಲಾಬಕ್ಷ್ ಅವರ ಗೋದಾಮಿಗೆ. ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವುದು ಅವರ ವ್ಯಾಪಾರ. ನಾನು ಸವಿತಾ, ಅಂಗನವಾಡಿ ಕಾರ್ಯಕರ್ತೆ. ಪಾಲಿಕೆ ಚುನಾವಣೆಗೆ ಮತದಾರರ ಚೀಟಿ ಹಂಚುವ ಕೆಲಸವೂ ನನ್ನ ತಲೆಗೇ ಬಂದಿದೆ. ಆ ಮಧ್ಯಾಹ್ನ ಎಪ್ಪತ್ತು ಮನೆ ಮುಗಿಸಿ ಅವರ ಬಾಗಿಲಿಗೆ ಬಂದಾಗ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ.

ಅಲ್ಲಾಬಕ್ಷ್ ದೇವದುರ್ಗದ ಮದುವೆಯಿಂದ ವಾಪಸು ಬಂದ ಕುರ್ಚಿಗಳನ್ನು ಹತ್ತರ ಲೆಕ್ಕದಲ್ಲಿ ಪೇರಿಸುತ್ತಿದ್ದರು. ಅವರ ಹೆಂಡತಿ ಜಾಹೆದಾ ಮೋರಿ ನೀರಿನಲ್ಲಿ ತೊಯ್ದ ಪರದೆಗಳನ್ನು ಒಣಹಾಕುತ್ತಿದ್ದರು. ಮೂಗು ಮುಚ್ಚಿಕೊಳ್ಳಬೇಕೆನಿಸಿತು. ನಾಚಿಕೆಯಾಗಿ ಬಿಟ್ಟೆ.

"ಚೀಟಿ ಅಲ್ಲೇ ಇಡ್ರಿ ಟೀಚರ್," ಅಂದರು ಅಲ್ಲಾಬಕ್ಷ್. "ಯಾರ್ ಗೆದ್ರೂ ಈ ಮೋರಿ ಹಿಂಗೇ ಇರ್ತದ."

"ಗೆದ್ದೋರನ್ನ ಒಮ್ಮೆರೆ ಕೇಳೀರೇನ್ರಿ?"

ಅವರು ಮತ್ತೆ ಕುರ್ಚಿ ಪೇರಿಸತೊಡಗಿದರು. ಉತ್ತರ ಕೊಟ್ಟಿದ್ದು ಜಾಹೆದಾ.

"ಯಾವ ಬಾಯಿಲೆ ಕೇಳ್ತಾರ್ರಿ? ಹೋದ ಚುನಾವಣಿಗೆ ಇವ್ರು ಆ ಗೆದ್ದೋರಿಗೇ ಆರ್ನೂರು ಕುರ್ಚಿ ಕಳ್ಸಿ, ಖಾಲಿ ಬಿಲ್ಲಿಗೆ ಸಹಿ ಹಾಕಿ ಕೊಟ್ರು. ಅವ್ರು ಅದ್ರಾಗ ಅರವತ್ತು ಕುರ್ಚಿ, ರೊಕ್ಕ ಪೂರಾ ಸಂದಾಯ ಅಂತ ಬರ್ಕೊಂಡ್ರು. ಉಳಿದಿದ್ದು ಗೆದ್ದ ಮ್ಯಾಲ ಅಂದ್ರು. ಕೇಳಾಕ ಹೋದ್ರ, ನಿಂದೇ ಸಹಿ ಅದ ನೋಡು ಅಂದ್ರು."

ಈ ವ್ಯಾಪಾರದಲ್ಲಿ ಅದು ರೂಢಿ. ಮದುವೆ ಮನೆಯವರಿಗೂ ನಂಬಿಕೆಯ ಮೇಲೆ ಸಹಿ ಮಾಡಿದ ಖಾಲಿ ಬಿಲ್ಲು ಕೊಡುತ್ತಾರೆ. ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡುವಷ್ಟು ಕಸುವೂ ಇರಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಕೂತೆ.

"ಅರವತ್ತು ಯಾಕ್ ಬರದ್ರು ಗೊತ್ತೇನ್ರಿ? ಚುನಾವಣಿಗೆ ನಿಂತೋರು ಇಷ್ಟೇ ಖರ್ಚು ಮಾಡ್ಬೇಕು ಅಂತ ಮಿತಿ ಅದ. ಚುನಾವಣಿ ಮುಗಿದ ಮ್ಯಾಲ ಲೆಕ್ಕ ಒಪ್ಪಿಸ್ಬೇಕು. ಮಿತಿ ಮೀರಿದ್ದನ್ನ ನಿಮ್ಮ ಸಹಿ ಮುಚ್ಚಿಬಿಡ್ತು."

"ಎಲ್ಲಾರೂ ಹಿಂಗೇ ಕೊಡ್ತಾರ್ರಿ. ನಾ ಒಬ್ಬ ಒಲ್ಲೆ ಅಂದ್ರ ನನ್ ಹೊಟ್ಟಿ ಮ್ಯಾಲೇ ಬೀಳ್ತದ."

"ಆ ಐದ್ನೂರ ನಲವತ್ತು ಕುರ್ಚಿ ಬಾಡಿಗಿ ಯಾರ್ ಹೊಟ್ಟಿಗಿ ಹೋತು?" ಎಂದರು ಜಾಹೆದಾ.

ಅಷ್ಟರಲ್ಲಿ ಬೈಕು ನಿಂತಿತು. ಹಾಲೇಶ ಇಳಿದ. ಹೋದ ಸಲ ಗೆದ್ದವರು ಈಗ ಮತ್ತೆ ನಿಂತಿದ್ದಾರೆ, ಇವನು ಅವರ ಕಡೆಯವನು.

"ಚಾಚಾ, ನಾಳಿ ಸಭಾ ಅದ. ಎಂಟ್ನೂರು ಕುರ್ಚಿ. ಎರಡು ಬಿಲ್ಲಿಗೆ ಬರೀ ಸಹಿ ಹಾಕ್ಕೊಡು. ಹಳೇ ಬಾಕಿನೂ ಈ ಸಲ ಕೂಡೇ ಕೊಡ್ತಾರ."

ಹಳೇ ಬಾಕಿ ಎಂದ ಕೂಡಲೇ ಅಲ್ಲಾಬಕ್ಷ್ ಅವರ ಮುಖ ಬದಲಾಯಿತು. ಬಿಲ್ ಪುಸ್ತಕ ತೆರೆದರು. ಬೇಡ ಅನ್ನಬೇಕೆನಿಸಿತು. ಚುನಾವಣೆ ಕೆಲಸದಲ್ಲಿರುವ ನಾನು ಯಾರ ಪರವಾಗಿಯೂ, ವಿರುದ್ಧವಾಗಿಯೂ ಮಾತಾಡುವಂತಿಲ್ಲ. ಜಾಹೆದಾ ಕೈಯಲ್ಲಿದ್ದ ಒದ್ದೆ ಪರದೆಯನ್ನು ಹಾಗೇ ಹಿಡಿದು ನಿಂತರು.

ಅಲ್ಲಾಬಕ್ಷ್ ನಿಧಾನವಾಗಿ ಬರೆದರು. ಕುರ್ಚಿ ಎಂಟುನೂರು. ಒಂದರ ಬಾಡಿಗೆ ಇಷ್ಟು, ಒಟ್ಟು ಇಷ್ಟು. ಆಮೇಲೆ ಸಹಿ ಹಾಕಿದರು.

"ಹಿಂಗಲ್ಲ ಚಾಚಾ, ಖಾಲಿ ಬಿಡು."

"ಎಂಟ್ನೂರು ಒಯ್ದ್ರ ಎಂಟ್ನೂರೇ ಬರೀತೀನಿ. ಕಾರ್ಬನ್ ಪ್ರತಿ ನನ್ ಹಂತ್ಯಾಕ ಇರ್ತದ."

"ಮಾನ್ವಿಯಿಂದ ತರಿಸ್ಕೊಂತೀವಿ ಬಿಡು. ಹಳೇ ಬಾಕಿ ಮರ್ತುಬಿಡು." ಹಾಲೇಶ ಬೈಕು ತಿರುಗಿಸಿ ಹೋದ.

"ಹೋತು," ಎಂದರು ಅಲ್ಲಾಬಕ್ಷ್. ಬಿಲ್ ಪುಸ್ತಕ ಮುಚ್ಚಿದರು.

"ಅದು ಎಂದೋ ಹೋಗಿತ್ತು," ಎಂದು ಜಾಹೆದಾ ಅವರ ಪಕ್ಕದಲ್ಲಿ ಕೂತರು. "ಇನ್ ಮ್ಯಾಲಾದ್ರೂ ಕೇಳಾಕ ಬರ್ತದ."

ಮರುದಿನ ಗಂಡ ಹೆಂಡತಿ ಇಬ್ಬರೂ ನಿಂತವರ ವಿವರ ನೋಡಲು ಚುನಾವಣಾಧಿಕಾರಿಯ ಕಚೇರಿಗೆ ಹೋದರು. ಪ್ರತಿ ಅಭ್ಯರ್ಥಿಯ ಆಸ್ತಿ, ಸಾಲ, ಮೇಲಿರುವ ಕೇಸು, ಓದು ಎಲ್ಲ ಬರೆದ ಪ್ರಮಾಣಪತ್ರಗಳು ಅಲ್ಲಿನ ಫಲಕದಲ್ಲಿದ್ದವು. ಅಕ್ಷರ ಸಣ್ಣದು. ಜಾಹೆದಾ ಓದಿ ಹೇಳಿದರು, ಅಲ್ಲಾಬಕ್ಷ್ ನಿಂತು ಕೇಳಿದರು. ಬರೀ ಒಬ್ಬರದಲ್ಲ, ನಿಂತ ಐವರದೂ.

ಎರಡು ದಿನ ಬಿಟ್ಟು ಹಾಲೇಶನ ಕಡೆಯ ಅಭ್ಯರ್ಥಿಯೇ ಕೈಮುಗಿಯುತ್ತ ನಮ್ಮ ಓಣಿಗೆ ಬಂದರು. ಅಲ್ಲಾಬಕ್ಷ್ ಎದ್ದು ಹೊರಗೆ ಬಂದರು.

"ಸಾಹೇಬ್ರ, ಮೋರಿ ಯಾವಾಗ ಮಾಡ್ಸ್ತೀರಿ? ಇನ್ನೊಂದ್ ಮಾತು, ಮೊನ್ನಿ ಸಭಾಕ್ಕ ಎಷ್ಟ್ ಕುರ್ಚಿ ಹಾಕ್ಸಿದ್ರಿ? ಲೆಕ್ಕದಾಗ ಎಷ್ಟ್ ಬರ್ಸ್ತೀರಿ?"

ಮುಗಿದ ಕೈ ಹಾಗೇ ನಿಂತಿತು. ಎದುರು ಮನೆಯ ಮುನವ್ವರ್ ಬೀ ಹೊಸ್ತಿಲಿಗೆ ಬಂದರು. ಅವರ ಹಿಂದೆ ಇನ್ನೂ ನಾಲ್ಕು ಮನೆಯವರು ಬಂದರು. ಉತ್ತರಕ್ಕಾಗಿ ಎಲ್ಲರೂ ಕಾಯುತ್ತ ನಿಂತರು.

ಓದುವವರೇ, ಯಾರಿಗೆ ಮತ ಹಾಕಬೇಕೆಂದು ನಾನು ಹೇಳುವುದಿಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ನೋಡಿಕೊಳ್ಳಿ. ನಿಂತವರ ಪ್ರಮಾಣಪತ್ರ ಓದಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಮೈಕು, ಆಟೋ, ಊಟ, ಏನೇ ಬಾಡಿಗೆಗೆ ಕೊಟ್ಟರೂ ಬಿಲ್ಲು ನೀವೇ ತುಂಬಿ, ಒಂದು ಪ್ರತಿ ಇಟ್ಟುಕೊಳ್ಳಿ. ಅವರು ಒಪ್ಪಿಸಿದ ಖರ್ಚಿನ ಲೆಕ್ಕವನ್ನೂ ಕೇಳಿ. ಕೇಳಿ ಕೇಳಿ ಸಾಕಾಗಿದೆ ಅನ್ನುತ್ತೀರಿ, ಗೊತ್ತು. ನನಗೂ ಸಾಕಾಗಿದೆ. ನಾವು ಸಾಕಾಗಿ ಸುಮ್ಮನಾಗಲಿ ಎಂದೇ ಅವರು ಕಾಯುತ್ತಿದ್ದಾರೆ. ಆದ್ದರಿಂದ ಇನ್ನೊಂದು ಸಲ ಕೇಳಿ.