ಎಡದಿಂದ ಮೊದಲನೆಯದು

ಮದುವೆಯಾಗಿ ಬಂದಾಗಿನಿಂದ ಶಿಗೆಕೊ ತನ್ನ ಗಂಡ ಟೆಟ್ಸುಜಿಯ ಸಂಗೀತದ ಕೋಣೆಯಲ್ಲಿ ಒರೆಸಿದ್ದು ನೆಲವನ್ನು ಮಾತ್ರ. ಆಳೆತ್ತರದ ಎರಡು ಸ್ಪೀಕರ್, ಆರು ಆಂಪ್ಲಿಫೈಯರ್, ಅವುಗಳ ನಡುವೆ ಸಂಗೀತವನ್ನು ತಗ್ಗು, ನಡು, ಮೇಲು ಎಂದು ಮೂರು ಪಾಲು ಮಾಡುವ ಕ್ರಾಸ್‌ಓವರ್ ಪೆಟ್ಟಿಗೆ. ಇವುಗಳ ಧೂಳನ್ನೂ ಅವನೇ ಒರೆಸಬೇಕು. ಹೆಂಡತಿಯನ್ನು ಅಷ್ಟು ಜೋಪಾನ ಮಾಡಿದ್ದರೆ ಮಹಾರಾಯ!

ಈಗ ಅವನಿಗೆ ಲಕ್ವ ಹೊಡೆದು ಎರಡು ತಿಂಗಳು. ಬಲಭಾಗ ಬಿದ್ದುಹೋಗಿತ್ತು, ಬಾಯಿಂದ ಮಾತಿಲ್ಲ. ಮೆಚ್ಚಿನದೇನಾದರೂ ಕೇಳಿಸಿ, ಮಾತು ಮರಳಿದರೂ ಮರಳೀತು ಎಂದಿದ್ದರು ಡಾಕ್ಟರು. ಅದೊಂದೇ ಆಸೆಗೆ ಜೋತುಬಿದ್ದು ಅವಳು ಮಂಚವನ್ನು ಆ ಕೋಣೆಗೇ ಹಾಕಿಸಿದಳು. ಮಂಚ ತಂದವರು ಜಾಗ ಮಾಡಲೆಂದು ಪೆಟ್ಟಿಗೆಯ ತಂತಿಗಳನ್ನೆಲ್ಲ ಕಿತ್ತು ಹೋದರು. ಟೆಟ್ಸುಜಿ ದಿನವಿಡೀ ಸ್ಪೀಕರ್‌ಗಳನ್ನೇ ನೋಡುತ್ತ ಮಲಗಿರುತ್ತಿದ್ದ.

ಶಿಗೆಕೊ ಅವನ ಗೆಳೆಯ ಮುನಕಾತಾಗೆ ಫೋನ್ ಮಾಡಿದಳು.

"ಭಾನುವಾರ ನಾನೇ ಬರ್ತೀನಿ ಅತ್ತಿಗೆ. ಅಲ್ಲೀವರೆಗೂ ತಡ್ಕೊಳ್ಳಿ."

"ಇವತ್ತಿನ್ನೂ ಬುಧವಾರ. ಅವರ ಕಣ್ಣು ನೋಡೋಕಾಗ್ತಿಲ್ಲ. ಹೇಳಿ, ನಾನೇ ಹಾಕ್ತೀನಿ."

"ಸರಿ, ಬರ್ಕೊಳ್ಳಿ. ಪೆಟ್ಟಿಗೆ ಬೆನ್ನಲ್ಲಿ ಒಂದೊಂದು ಸ್ಪೀಕರ್‌ಗೂ ಮೂರು ಸಾಕೆಟ್ಟು. ಎಡದಿಂದ ಮೊದಲನೇದು ಬಾಸು, ಆಮೇಲೆ ಮಿಡ್ಡು, ಕೊನೇದು ಟ್ವೀಟರು. ಅದು ಮೇಲಿನ ದನಿಗಷ್ಟೇ, ತಗ್ಗಿನ ದನಿ ಹೋದ್ರೆ ಸುಟ್ಟೋಗತ್ತೆ, ಹುಷಾರು. ಬೇರೆಯವರು ಟ್ವೀಟರ್ ಸುಟ್ಟೋಗದೇ ಇರ್ಲಿ ಅಂತ ಕಾವಲಿಗೊಂದು ಕೆಪಾಸಿಟರ್ ಇಟ್ಟಿರ್ತಾರೆ. ದನಿ ಮಂಕಾಗತ್ತೆ ಅಂತ ಅದನ್ನೂ ಕಿತ್ತೆಸೆದಿದಾನೆ ನಿಮ್ಮ ಪುಣ್ಯಾತ್ಮ."

ತಂತಿಗಳಿಗೆ ಟೆಟ್ಸುಜಿ ಚೀಟಿ ಅಂಟಿಸಿದ್ದ. ಪೆಟ್ಟಿಗೆಯ ಬೆನ್ನಿನ ಅಕ್ಷರಗಳು ಮಾತ್ರ ಅಳಿಸಿಹೋಗಿದ್ದವು. ಹಿಂದಕ್ಕೆ ಹೋಗಲು ಮಂಚ ಅಡ್ಡ. ಅವಳು ಮುಂದಿನಿಂದಲೇ ಪೆಟ್ಟಿಗೆಯ ಮೇಲೆ ಬಗ್ಗಿ, ಕೈ ಇಳಿಬಿಟ್ಟು, ತಡವಿ ತಡವಿ ಎಡದಿಂದ ಎಣಿಸಿ ಸಿಕ್ಕಿಸಿದಳು. ಮುನಕಾತಾ ಹೇಳಿದ್ದು ಹಿಂದೆ ನಿಂತವರ ಎಡ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಟೆಟ್ಸುಜಿ ನೋಡುತ್ತಿದ್ದ. ಅವನ ಎಡಗೈ ಮಂಚದ ಪಟ್ಟಿಯನ್ನು ಪಟಪಟ ಬಡಿಯತೊಡಗಿತು. ಖುಷಿಯಾಗಿದೆ ಎಂದುಕೊಂಡಳು, ಪಾಪ.

"ಬಂದೆ ರೀ, ಒಂದೇ ನಿಮಿಷ. ಚಿಕ್ಕ ಮಕ್ಕಳ ಥರ ಆಡ್ತೀರಲ್ಲ."

ಅವನ ಮೆಚ್ಚಿನ ಚೆಲ್ಲೋ ರೆಕಾರ್ಡ್ ಹಾಕಿ, ಅವನು ಇಡುತ್ತಿದ್ದಷ್ಟೇ ಜೋರಾಗಿ ಇಟ್ಟಳು. ಮೊದಲ ತಗ್ಗಿನ ಸ್ವರಕ್ಕೇ ಎರಡೂ ಟ್ವೀಟರ್‌ಗಳು ಕರಕರ ಅಂದು, ಒಂದರ ಹಿಂದೊಂದು ಪಟ್ ಎಂದು ಸತ್ತವು. ಸುಟ್ಟ ವಾಸನೆ ಬಂತು. ಅವನ್ನು ಮಾಡುತ್ತಿದ್ದ ಕಂಪನಿ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು.

ಎಲ್ಲ ಆರಿಸಿ ಅವಳು ಮಂಚದ ಬಳಿ ಓಡಿದಳು. ಟೆಟ್ಸುಜಿಯ ತುಟಿ ಅಲುಗಿತು.

"ಹೇಳಿದ್ನಲ್ಲ," ಎಂದ ಸ್ಪಷ್ಟವಾಗಿ.

ಕೈ ಬಡಿದದ್ದು ಏಕೆಂದು ಶಿಗೆಕೊಗೆ ಆಗ ತಿಳಿಯಿತು. ಕ್ಷಮಿಸಿ ಎಂದು ಎಷ್ಟು ಬೇಡಿಕೊಂಡರೂ ಅವನು ಮತ್ತೆ ಬಾಯಿ ಬಿಡಲಿಲ್ಲ, ಮರುದಿನವೂ ಬಿಡಲಿಲ್ಲ.

ಭಾನುವಾರ ಮುನಕಾತಾ ಬಂದ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಗೆಳೆಯನನ್ನು ನೋಡಿ ದನಿ ತಗ್ಗಿಸಿದ.

"ಏನಾದ್ರೂ ಮಾತಾಡಿದ್ನಾ ಅತ್ತಿಗೆ?"

"ಇಲ್ಲ," ಎಂದಳು ಶಿಗೆಕೊ.